ಏಳು ಪುಸ್ತಕ ಕಡಿಮೆ

ಬುಧವಾರದ ಬೈಬಲ್ ಅಧ್ಯಯನಕ್ಕೆ ಹನ್ನೊಂದು ಜನ ಬರುತ್ತಿದ್ದರು. ಒಂಬತ್ತು ಜನ ದೇವರ ವಾಕ್ಯಕ್ಕೆ, ಇಬ್ಬರು ಫ್ಯಾನಿನ ಗಾಳಿಗೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದವನು ಕನ್ನಡಕದ ಅಂಗಡಿಯ ಯಜಮಾನ. ಎದುರಿಗಿದ್ದವರನ್ನು ಕಂಡರೆ ಮೊದಲು ಅವರ ಕಣ್ಣಿನ ನಂಬರು ಊಹಿಸುವುದು, ಆಮೇಲೆ ಆತ್ಮದ ವಿಚಾರ.

"ಒಂದು ವಾಕ್ಯ ಕಿತ್ಕೊಂಡು ನಿಮಗೆ ತೋಚಿದ ಅರ್ಥ ಹಚ್ಚಬೇಡಿ," ಎಂದು ಅವನು ಪ್ರತಿ ವಾರ ಹೇಳುತ್ತಿದ್ದ. "ನಮಗಿಂತ ಮುಂಚೆ ಎಷ್ಟೋ ತಲೆಮಾರು ಇದನ್ನ ಓದಿದೆ, ಅತ್ತಿದೆ, ಜಗಳ ಆಡಿದೆ. ಅವರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಓದಿ. ಪರಂಪರೆ ಅಂದ್ರೆ ಅಷ್ಟೇ."

ಆ ದಿನ ಚರ್ಚಿನ ದೊಡ್ಡ ಬೈಬಲು ಹೊಸ ರಟ್ಟು ತೊಟ್ಟು ಮೇಜಿನ ಮೇಲೆ ಮದುಮಗನಂತೆ ಕೂತಿತ್ತು. ಅದನ್ನು ಕಟ್ಟಿದ ಬೈಂಡರು ಮೂರನೆಯ ಸಾಲಿನಲ್ಲಿ, ಹೊಗಳಿಕೆ ಬಂದರೆ ನಾಚಿಕೊಳ್ಳಲು ತಯಾರಾಗಿ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ.

"ಇವತ್ತು ತೊಬಿತನ ಗ್ರಂಥ," ಎಂದು ಯಜಮಾನ ಪುಟ ತಿರುವಿದ. ನೆಹೆಮೀಯ ಮುಗಿದ ಮೇಲೆ ತೊಬಿತ ಬರಬೇಕು. ಎಸ್ತೇರಳು ಬಂದಳು. ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. ಯೂದಿತಳೂ ಇಲ್ಲ. ಹುಡುಕುತ್ತ ಹೋದಂತೆ ಬೈಬಲಿನೊಳಗಿನ ಒಟ್ಟು ಏಳು ಪುಸ್ತಕ ನಾಪತ್ತೆ.

"ಬೈಂಡರಣ್ಣ, ನಿನ್ನ ಕೈಗೆ ಕೊಟ್ಟಾಗ ಇದರೊಳಗೆ ಎಪ್ಪತ್ತಮೂರು ಪುಸ್ತಕ ಇತ್ತು. ನಾನೇ ಇದರಲ್ಲಿ ಪಾಠ ಮಾಡಿದೀನಿ."

"ಅಂಟಿನ ಡಬ್ಬಿಯಲ್ಲಿ ಹುಡುಕಿಸಿ," ಎಂದ ಫ್ಯಾನಿನ ಕೆಳಗಿನವನು. ಎಲ್ಲರೂ ನಕ್ಕರು. ಬೈಂಡರೂ ನಕ್ಕ. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

"ಕೊಡಿ, ನೋಡ್ತೀನಿ," ಎಂದು ಪುಸ್ತಕವನ್ನು ಎದೆಗವಚಿಕೊಂಡು ಎದ್ದ.

ಅವನ ಹೆದರಿಕೆ ಫಾದರ್ ಬೈದಾರೆಂದಲ್ಲ. ಅವನ ಅಪ್ಪನೂ ಬೈಂಡರು, ಕೊನೆಯ ಮೂರು ವರ್ಷ ಅದೇ ಮೇಜಿನ ಮುಂದೆ ಕೂತು, ದಾರ ಪೋಣಿಸದ ಸೂಜಿಯಿಂದ ಹೊಲಿಯುತ್ತ, ಮಗನನ್ನು "ತಾವು ಯಾರ ಕಡೆಯವರು?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಆ ಮರ್ಯಾದೆಯೇ ಈಗಲೂ ಇವನನ್ನು ಹೆದರಿಸುತ್ತಿತ್ತು. ಏಳು ಪುಸ್ತಕ ಅಂದರೆ ಏಳು ಹಾಳೆಯಲ್ಲ. ಅಷ್ಟನ್ನು ಕಳೆದು ಅದರ ನೆನಪೂ ಇಲ್ಲವೆಂದರೆ ಕಳೆದದ್ದು ಬರೀ ಕಾಗದವಲ್ಲ.

ತನ್ನ ಬೈಂಡಿಂಗ್ ಅಂಗಡಿಯಲ್ಲಿ ಕಪಾಟು ತಡಕಿದ. ಒತ್ತುಯಂತ್ರದ ಅಡಿ ಬಗ್ಗಿದ. ಕತ್ತರಿಸಿದ ಚೂರುಗಳ ಬುಟ್ಟಿಯನ್ನು ನೆಲಕ್ಕೆ ಸುರಿದು ಕೋಳಿಯಂತೆ ಕೆದಕಿದ. ಕೊನೆಗೆ, ಹಾಳೆ ಮಡಿಸುತ್ತ ಕೂತ ಹೆಂಡತಿಯ ಕಡೆ ತಿರುಗಿದ.

"ರದ್ದಿಯವನಿಗೆ ಹಾಕಿಬಿಟ್ಯಾ?"

"ಏನನ್ನ?"

"ಕಂತೆಗಳನ್ನ. ನೀನೇ ತಾನೇ ಮೇಜು ಗುಡಿಸೋದು? ಹಾಕಿದ್ರೆ ಹಾಕ್ದೆ ಅನ್ನು!"

"ದೇವರ ಪುಸ್ತಕಾನ ರದ್ದಿಗೆ ಹಾಕ್ತೀನಾ? ಇಷ್ಟು ವರ್ಷ ಸಂಸಾರ ಮಾಡಿ ನನ್ನ ಬಗ್ಗೆ ತಿಳ್ಕೊಂಡಿದ್ದು ಇದೇನಾ?" ಅವಳು ದನಿ ಏರಿಸಲಿಲ್ಲ. ಮಡಿಸುತ್ತಿದ್ದ ಹಾಳೆಯ ಅಂಚನ್ನು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಒತ್ತಿದಳು.

ಅವನು ಮತ್ತೆ ಪುಸ್ತಕ ಬಿಚ್ಚಿದ. ನೆಹೆಮೀಯ ಐನೂರ ಹನ್ನೆರಡನೇ ಪುಟಕ್ಕೆ ಮುಗಿದಿತ್ತು. ಎಸ್ತೇರಳದು ಐನೂರ ಹದಿಮೂರು. ಎರಡು ಸಲ ನೋಡಿದ. ಒಂದು ಹಾಳೆಯೂ ಹೋಗಿಲ್ಲ! ಈ ಬೈಬಲು ಹುಟ್ಟಿದ್ದೇ ಅರವತ್ತಾರು ಪುಸ್ತಕಗಳೊಂದಿಗೆ. ಹೋದ ಜೀವ ಬಂದಂತಾಯಿತು.

ಬಂದದ್ದು ಒಂದೇ ಉಸಿರಿನಷ್ಟು ಹೊತ್ತು ನಿಂತಿತು. ಹಾಗಾದರೆ ಇದು ಯಾರದ್ದು?

ಅದೇ ವಾರ ಬೀದಿಯ ಕೊನೆಯ ಟೈಲರಮ್ಮನೂ ತನ್ನ ಮನೆಯ ಬೈಬಲನ್ನು ಕಟ್ಟಲು ಕೊಟ್ಟಿದ್ದಳು. ಅವಳು ಹೋಗುವುದು ಇನ್ನೊಂದು ಚರ್ಚಿಗೆ; ಅಲ್ಲಿ ಆ ಏಳು ಪುಸ್ತಕಗಳನ್ನು ಬೈಬಲಿಗೆ ಸೇರಿಸುವುದಿಲ್ಲ. ಎರಡೂ ಒಂದೇ ಅಳತೆ. ಎರಡರ ರಟ್ಟನ್ನೂ ಅವನು ಒಂದೇ ಬೆಳಿಗ್ಗೆ ಕಟ್ಟಿದ್ದ. ಇದರ ಮೈಗೆ ಅದರ ಅಂಗಿ ತೊಡಿಸಿದ್ದ. ರಟ್ಟು ಹಾಕುವ ಮುಂಚೆ ಮೊದಲ ಪುಟ ನೋಡು ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಮರೆವು ಶುರುವಾದಾಗ ಅಪ್ಪ ಮಾಡಿದ ಮೊದಲ ತಪ್ಪೂ ಇದೇ. ಆಗ ಮನೆಯವರೆಲ್ಲ ನಕ್ಕಿದ್ದರು.

ಟೈಲರಮ್ಮ ಪುಸ್ತಕ ತಂದುಕೊಟ್ಟಳು, ಸ್ವಲ್ಪ ಮನಸ್ಸಿಲ್ಲದೆ. "ನಿಮ್ಮದರಲ್ಲಿ ಪ್ರಯಾಣ ಹೊರಟ ತೊಬಿತನ ಮಗನ ಹಿಂದೆ ಒಂದು ನಾಯಿ ಹೋಗತ್ತಲ್ಲ, ನಮ್ಮದರಲ್ಲಿ ಅದಿಲ್ಲ ನೋಡಿ. ಇನ್ನೆರಡು ದಿನ ಬಿಟ್ಟು ತಪ್ಪು ಗೊತ್ತಾಗಿದ್ರೆ ಓದಿ ಮುಗಿಸ್ತಿದ್ದೆ."

ಸರಿಯಾದ ರಟ್ಟು ತೊಟ್ಟ ಪುಸ್ತಕ ಮುಂದಿನ ಬುಧವಾರ ಮೇಜಿಗೆ ಬಂತು. "ಕಳೆದವನೇ ಓದಲಿ," ಎಂದ ಯಜಮಾನ.

ಬೈಂಡರು ಎದ್ದುನಿಂತು ಎರಡನೇ ಅಧ್ಯಾಯ ಓದಿದ. ನೀತಿವಂತ ತೊಬಿತನ ಕಣ್ಣು ಹೋಗಿದೆ. ಹೆಂಡತಿ ನೇಯ್ದು ಮನೆ ನಡೆಸುತ್ತಿದ್ದಾಳೆ. ಕೆಲಸ ಮೆಚ್ಚಿದ ಧಣಿಗಳು ಕೂಲಿಯ ಮೇಲೆ ಒಂದು ಮೇಕೆಮರಿಯನ್ನೂ ಕೊಟ್ಟಿದ್ದಾರೆ. ಮರಿಯ ಕೂಗು ಕೇಳಿದ ಗಂಡ, ಇದು ಕದ್ದದ್ದು, ವಾಪಸ್ಸು ಕೊಡು ಎನ್ನುತ್ತಾನೆ. ಉಡುಗೊರೆ ಎಂದರೂ ನಂಬುವುದಿಲ್ಲ. ಈ ಸಾಲನ್ನು ಬೈಂಡರು ಹೆಂಡತಿಯ ಕಡೆ ನೋಡದೆ ಓದಿದ.

"ಪಾಪ, ಮೇಕೆ!" ಎಂದ ಫ್ಯಾನಿನ ಕೆಳಗಿನವನು.

"ನಗಬೇಡಿ," ಎಂದ ಯಜಮಾನ. "ಇಂಥ ಮನೆ ಜಗಳಾನೂ ಧರ್ಮಸಭೆ ಪವಿತ್ರ ಅಂತ ಕಾಪಾಡಿಕೊಂಡು ಬಂದಿದೆ. ಯಾಕೆ ಗೊತ್ತಾ? ಕಣ್ಣು ಹೋಗಿರೋದು ತನ್ನದು, ಅನುಮಾನ ಮಾತ್ರ ಹೆಂಡತಿ ಮೇಲೆ. ಒಳ್ಳೆಯವನಿಗೂ ಇದು ತಪ್ಪಿದ್ದಲ್ಲ."

ಮುಂದೆ ಓದಲು ಬೈಂಡರು ಪುಟ ತಿರುವಿದ. ಹೊಲಿಗೆಯ ಒಳಸಂದಿಯಲ್ಲಿ, ಯಾರೂ ನೋಡದ ಕಡೆ, ಪೆನ್ಸಿಲಿನ ಸಣ್ಣ ಅಂಕಿ: ಮೂವತ್ತೆರಡು. ಮುಂದಿನ ಕಂತೆಯ ನಡುವೆ ಮೂವತ್ತಮೂರು. ಹೊಲಿಯುವಾಗ ಕ್ರಮ ತಪ್ಪದಿರಲೆಂದು ಮಡಿಸಿದ ಹಾಳೆಗಳ ಕಂತೆಗೆ ಕೆಲವರು ಅಂಕಿ ಹಾಕುವುದುಂಟು; ಅವನು ಎಂದೂ ಹಾಕಿದವನಲ್ಲ. ಬಾಲ ಸುರುಳಿ ಸುತ್ತಿದ ಆ ಮೂರನ್ನು ಅವನು ಹೆಂಡತಿ ಬರೆಯುವ ದಿನಸಿ ಚೀಟಿಗಳಲ್ಲಿ ನೋಡಿದ್ದ.

ಮನೆಗೆ ಹೊರಟಾಗ ಹೆಂಡತಿಯನ್ನು ಕೇಳಿದ: "ಯಾವಾಗಿನಿಂದ ಹಾಕ್ತಿದೀಯ?"

ಏನನ್ನು ಎಂದು ಅವಳು ಕೇಳಲಿಲ್ಲ. "ಒಂದು ವರ್ಷ ಆಯ್ತು."

"ನನಗೆ ಹೇಳಲಿಲ್ಲ."

"ಏನಂತ ಹೇಳಲಿ? ಎರಡು ಸಲ ಹಿಂದುಮುಂದು ಹೊಲಿದಿದ್ರಿ. ಬಿಚ್ಚಿ ಸರಿಮಾಡಿ ಇಟ್ಟೆ." ಸ್ವಲ್ಪ ದೂರ ನಡೆದಮೇಲೆ ಹೇಳಿದಳು: "ರಟ್ಟಿಗೂ ಹಾಕ್ಬೇಕಿತ್ತು. ತೋಚಲಿಲ್ಲ."

"ರದ್ದಿ ಅಂದೆನಲ್ಲ, ಅದು..."

"ಇರಲಿ, ನಡೀರಿ."

ಬೀದಿ ಎರಡಾಗಿ ಒಡೆಯುವ ಕಡೆ ಅವನು ಹೆಜ್ಜೆ ನಿಧಾನ ಮಾಡಿದ. ಮೂವತ್ತು ವರ್ಷ ನಡೆದ ದಾರಿ. ಒಂದು ಕಡೆ ಔಷಧಿ ಅಂಗಡಿ, ಒಂದು ಕಡೆ ಸೈಕಲ್ ರಿಪೇರಿ. ಎರಡನ್ನೂ ಅವನು ಬಲ್ಲ. ಮನೆ ಯಾವ ಕಡೆ? ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದವನಂತೆ ಬಗ್ಗಿ, ಅವಳು ಯಾವ ಕಡೆ ತಿರುಗುತ್ತಾಳೆಂದು ಕಾದ.