ಅಡುಗೆಮನೆ ಗೋಡೆಯೊಳಗಿನ ಟಿಣ್

ನಮ್ಮ ಮನೆ ಹಳೆಯ ತೂಗುಸೇತುವೆಯ ಬುಡದಲ್ಲೇ ಇದೆ. ಸೇತುವೆಯನ್ನು ಹೊತ್ತ ಉಕ್ಕಿನ ಹಗ್ಗ ನಮ್ಮ ಅಡುಗೆಮನೆಯ ಹಿಂಗೋಡೆಗೆ ತಾಗಿದ ಬಂಡೆಯೊಳಗೆ ಇಳಿಯುತ್ತದೆ. ಆ ವರ್ಷ, ಗಾಳಿಯೇ ಇಲ್ಲದಾಗಲೂ ಗೋಡೆಯೊಳಗಿಂದ ‘ಟಿಣ್’ ಎಂದು ಸದ್ದು ಬರತೊಡಗಿತು. ಸ್ಟ್ಯಾಂಡಿನ ತಟ್ಟೆಗಳು ತಾವೇ ನಡುಗುತ್ತಿದ್ದವು. ಬೆಳಿಗ್ಗೆ ಮಕ್ಕಳೆಲ್ಲ ಆಚೆ ದಡದ ಶಾಲೆಗೆ ಗುಂಪಾಗಿ ಸೇತುವೆ ದಾಟುವ ಹೊತ್ತಿಗೇ ಅದು ಜಾಸ್ತಿ. ಆ ಗುಂಪಿನಲ್ಲಿ ನನ್ನ ಮಗಳೂ ಇರುತ್ತಿದ್ದಳು.

“ನಿಮ್ಮ ಮಾವ ಕಣೇ,” ಎನ್ನುತ್ತಿದ್ದರು ಅತ್ತೆ. “ಬ್ರಷ್ಷನ್ನ ಡಬ್ಬಕ್ಕೆ ಹಿಂಗೇ ಬಡೀತಿದ್ರು. ಏನೋ ಹೇಳ್ಬೇಕು ಅಂತಿದಾರೆ.”

ತೀರಿಹೋದ ಮಾವ ಜೀವಮಾನವಿಡೀ ಸೇತುವೆಗೆ ಬಣ್ಣ ಬಳಿದವರು. ಈಗ ಆ ಕೆಲಸ ನನ್ನ ಗಂಡನದು. ನಾನಂತೂ ಒಲೆ ಮುಂದೆ ಒಬ್ಬಳೇ ನಿಲ್ಲಲು ಹೆದರಿ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ತಪಾಸಣೆಗೆ ಇಂಜಿನಿಯರಮ್ಮ ಬಂದು, ಯಾರೂ ದಾಟದಂತೆ ಸೇತುವೆಗೆ ಬೇಲಿ ಹಾಕಿಸಿದರು. ನನ್ನ ಗಂಡನಿಗೆ ಮೈಯೆಲ್ಲ ಉರಿ.

“ಮದುಮಗಳ ಹಂಗೆ ಮಿಂಚ್ತಿದೆ ನೋಡಿ ಮೇಡಂ! ಒಂದು ಚುಕ್ಕೆ ತುಕ್ಕು ತೋರ್ಸಿ, ಮೀಸೆ ಬೋಳಿಸ್ಕೋತೀನಿ. ನಾಳೆ ನನ್ನ ಮಗಳನ್ನ ನಾನೇ ಬೇಲಿ ದಾಟಿಸ್ತೀನಿ, ಅದೇನ್ ಮಾಡ್ತೀರೋ ಮಾಡಿ.”

“ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲಣ್ಣ,” ಎಂದು ನಕ್ಕು ಆಕೆ ನನ್ನತ್ತ ತಿರುಗಿದರು. “ಮನೇಲಿ ಏನಾದ್ರೂ ಸದ್ದು ಕೇಳ್ಸುತ್ತೇನಮ್ಮ?”

ಹೇಳಬೇಡ ಎಂಬಂತೆ ಗಂಡ ಕಣ್ಣು ಬಿಟ್ಟ. ಬಿಡಲಿ! ನಾನು ಎಲ್ಲ ಹೇಳಿಬಿಟ್ಟೆ. ಆಕೆಯ ನಗು ಅಲ್ಲೇ ಆರಿತು.

ಬಂಡೆಯ ಬಳಿ ಕೆಲಸದವರು ಹಗ್ಗದ ಹೊರಸುತ್ತು ಬಿಚ್ಚಿ, ಮರದ ಬೆಣೆ ಬಡಿದು ಒಳಭಾಗ ತೆರೆದರು. ಕಂದು ನೀರು ಗಳಗಳ ಸುರಿದು ಗಂಡನ ಕಾಲ ಮೇಲೆ ಹರಿಯಿತು. ಒಳಗೆ ಹಗ್ಗದ ಎಷ್ಟೋ ತಂತಿಗಳು ತುಂಡಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಎಲ್ಲರೂ ಬಗ್ಗಿ ನೋಡುತ್ತಿರುವಾಗಲೇ ಟಿಣ್! ಕಣ್ಣೆದುರೇ ಇನ್ನೊಂದು ತಂತಿ ಕಡಿಯಿತು. ಗೋಡೆಯಲ್ಲಿ ಕೇಳುತ್ತಿದ್ದ ಅದೇ ಸದ್ದು.

“ಅಯ್ಯಯ್ಯೋ, ದಿನಾ ಮಗು ಇದರ ಮೇಲೇ ನಡೀತಿತ್ತಲ್ರೀ!” ಎಂದು ಕಿರುಚಿದೆ.

“ಭಾರ ಬಿದ್ದಾಗೆಲ್ಲ ಒಂದೊಂದು ತಂತಿ ಕಡೀತಿತ್ತಮ್ಮ, ಈಗ ಭಾರ ಇಲ್ದೇನೂ ಕಡೀತು,” ಎಂದರು ಆಕೆ. “ಅಣ್ಣ, ತುಕ್ಕು ತೆಗೀದೆ ವರ್ಷಾ ವರ್ಷಾ ಬಣ್ಣ ಬಳಿದಿದೀರಿ. ಒಳಗೆ ಸೇರಿದ ನೀರಿಗೆ ಹೊರಗೆ ಬರೋಕೆ ದಾರೀನೇ ಇಲ್ಲ.”

“ಅಪ್ಪ ಮಾಡಿದ್ದನ್ನೇ ಮಾಡ್ದೆ ಮೇಡಂ,” ಎಂದ ಗಂಡ.

ಮರುದಿನ ಮೀಸೆ ಇರಲಿಲ್ಲ. ಮಗಳನ್ನು ಸುತ್ತುದಾರಿಯಲ್ಲಿ ತಾನೇ ಶಾಲೆಗೆ ಬಿಟ್ಟುಬಂದ. ಬೇಲಿ ಹಾರಲು ಬಂದವರನ್ನು ಬೈದು ಓಡಿಸುವುದೂ ಅವನೇ. ಹಗ್ಗವನ್ನು ಎತ್ತಿ ಹಿಡಿಯುವ ಹಳೆಯ ಗೋಪುರಗಳನ್ನು ಉಳಿಸಿಕೊಂಡು, ಹೊಸ ಹಗ್ಗ ಹಾಕಿ ಸೇತುವೆ ತೆರೆದ ದಿನ ಅತ್ತೆ ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು.

“ಸುಮ್ಮನಾದ್ರು ಕಣೇ. ಹೇಳ್ಬೇಕಾದ್ದು ಹೇಳಿ ಆಯ್ತಲ್ಲ.”

ನಾನು ಹೂಂ ಎಂದು ಒಲೆ ಹಚ್ಚಿದೆ.

ಓದುವವರೇ, ನಿಮ್ಮೂರ ಹಳೆಯ ಸೇತುವೆ ಸದ್ದು ಮಾಡಿದರೆ ದೆವ್ವ ಎಂದು ಬಾಗಿಲು ಹಾಕಿಕೊಳ್ಳಬೇಡಿ, ಕೂಡಲೇ ಸಂಬಂಧಪಟ್ಟವರಿಗೆ ತಿಳಿಸಿ. ತುಕ್ಕು ತೆಗೆಯದೆ ಬಣ್ಣ ಬಳಿಯಬೇಡಿ. ತಪಾಸಣೆಯ ಬೇಲಿ ಹಾರಬೇಡಿ. ಆಚೆ ದಡಕ್ಕೆ ಹೋದ ನಿಮ್ಮ ಮಗು ಸಂಜೆ ಅದೇ ಸೇತುವೆಯ ಮೇಲೆ ಮನೆಗೆ ಬರಬೇಕು.