ಒಂದೇ ರಿಂಗು

ಭೀಮಸಮುದ್ರದ ಚಂದ್ರಕ್ಕನ ಬೆರಳನ್ನು ಹೊಸ ಫೋನು ಮನುಷ್ಯರ ಬೆರಳೆಂದೇ ಒಪ್ಪಲಿಲ್ಲ. ವರ್ಷಾನುಗಟ್ಟಲೆ ಅಡಿಕೆ ಸುಲಿದು ಜಡ್ಡುಗಟ್ಟಿದ ಬೆರಳು. ಮೆಲ್ಲಗೆ ಸವರಿದರೂ ಅಷ್ಟೇ, ಒತ್ತಿ ತಿಕ್ಕಿದರೂ ಅಷ್ಟೇ. ಮಗಳು ಆಶಾರಾಣಿ ಮುಟ್ಟಿದರೆ ಮಾತ್ರ ಸಾಕಿದ ನಾಯಿಯ ಹಾಗೆ ಹೇಳಿದ್ದು ಕೇಳುತ್ತಿತ್ತು.

ಕೊಡಿಸಿದವಳೂ ಆಶಾರಾಣಿಯೇ. ಐಮಂಗಲದಲ್ಲಿ ಹಾಸಿಗೆ ಹಿಡಿದಿದ್ದ ಚಿಕ್ಕಮ್ಮ ಹೇಮಾವತಿಯ ಮುಖವನ್ನು ಅವ್ವ ದಿನಾ ನೋಡಲಿ ಎಂದು ಪಾಪ ಅವಳ ಆಸೆ. ಹಳೇ ಬಟನ್ ಫೋನನ್ನು ದುರ್ಗದ ಅಂಗಡಿಗೇ ಕೊಟ್ಟು ಬಂದಿದ್ದಳು. ಆದರೆ ಅವಳು ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟಳೆಂದರೆ ತಂಗಿಯ ಮುಖವೂ ಇಲ್ಲ, ಮಾತೂ ಇಲ್ಲ. ಚಂದ್ರಕ್ಕನಿಗೆ ಅಳು ಬರುವಷ್ಟು ಬೇಜಾರಾಗಿತ್ತು. ಮಗಳು ನೊಂದುಕೊಂಡಾಳೆಂದು ಬಾಯಿ ಬಿಡಲಿಲ್ಲ.

ಹೋಗಲಿ, ರಿಂಗಾದರೂ ಕೇಳುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅಕ್ಕತಂಗಿಯರ ನಡುವೆ ಮೊದಲಿಂದಲೂ ಒಂದು ಕಟ್ಟಳೆಯಿತ್ತು. ಸಂಜೆ ಹೇಮಾವತಿ ಒಂದೇ ರಿಂಗು ಕೊಟ್ಟು ಕಟ್ ಮಾಡಿದರೆ ಚೆನ್ನಾಗಿದ್ದಾಳೆ ಎಂದರ್ಥ. ಬಿಡದೆ ಹೊಡೆದುಕೊಂಡರೆ ಎತ್ತಿ ಮಾತಾಡಬೇಕು, ಇಲ್ಲವೇ ಕೈಲಿದ್ದ ಕೆಲಸ ಬಿಟ್ಟು ಹೊರಟು ಬರಬೇಕು. ಈ ಕಟ್ಟಳೆ ಮಾಡಿದವಳು ಚಂದ್ರಕ್ಕನೇ.

ಆ ಸೋಮವಾರ ಸಂಜೆ ಅಡಿಕೆ ರಾಶಿಯ ಮುಂದೆ ಕೂತಿದ್ದಾಗ ಮಡಿಲಲ್ಲಿ ಫೋನು ಹೊಡೆದುಕೊಂಡಿತು. ಹಾಳಾದದ್ದು ಕೈಯಲ್ಲಿ ನಿಲ್ಲುವುದಿಲ್ಲ, ಮೀನಿನ ಹಾಗೆ ಜಾರುತ್ತದೆ. ಬಿದ್ದು ಒಡೆದೀತೆಂದು ಗಟ್ಟಿಯಾಗಿ ಹಿಡಿದುಕೊಂಡಳು. ಫೋನಿನ ಅಂಚಿನಲ್ಲಿದ್ದ ಸಣ್ಣ ಗುಂಡಿ ಒತ್ತಿಹೋಯಿತು. ಸದ್ದು ಮಾತ್ರ ನಿಂತಿತು, ಕರೆ ನಿಂತಿರಲಿಲ್ಲ. ಅದು ಅವಳಿಗೆಲ್ಲಿ ಗೊತ್ತು? ಒಂದೇ ರಿಂಗು, ಸದ್ಯ ತಂಗಿ ಆರಾಮಿದ್ದಾಳೆ ಎಂದು ಫೋನನ್ನು ಮಡಿಲಿಗೆ ಹಾಕಿಕೊಂಡು ಮತ್ತೆ ಕತ್ತಿಗೆ ಅಡಿಕೆ ಕೊಟ್ಟಳು. ಅವತ್ತು ಪಕ್ಕದವರ ಜೊತೆ ನಗುನಗುತ್ತಾ ಮಾತಾಡಿದ್ದೂ ಉಂಟು.

ದೀಪ ಹಚ್ಚುವ ಹೊತ್ತು ಮೀರಿತ್ತು. ಆಶಾರಾಣಿ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಫೋನು ಮತ್ತೆ ಹೊಡೆದುಕೊಂಡಾಗ ಅವಳೇ ಬೆರಳಾಡಿಸಿ ಎತ್ತಿ, ಅವ್ವನಿಗೂ ಕೇಳುವ ಹಾಗೆ ಹಿಡಿದಳು. ಆ ಕಡೆ ಹೇಮಾವತಿಯ ಗಂಡ ಎರ್ರಿಸ್ವಾಮಿ. ಸ್ವಲ್ಪ ಹೊತ್ತು ಬರೀ ಬಿಕ್ಕುವುದೇ ಕೇಳಿಸಿತು.

“ಹೋಗಿಬಿಟ್ಲು ಅಕ್ಕಾ,” ಅಂದ. “ಸಂಜೆ ಒಂದ್ಸಲ ಕೊನೇಗಂಟ ರಿಂಗು ಕೊಟ್ವಿ. ನೀವು ಎತ್ಲಿಲ್ಲ. ಇನ್ನೊಂದ್ಸಲ ಮಾಡಾಣ ಅಂದ್ರೆ ಅವಳೇ ಬ್ಯಾಡ ಅಂದ್ಲು. ಎತ್ತಲಿಲ್ಲ ಅಂದ್ರೆ ಅಕ್ಕ ಹೊಂಟಾಳೆ, ನನ್ ಮಂಚ ಬಾಗ್ಲತಾವ ಹಾಕ್ರಿ ಅಂದ್ಲು. ಕೊನೇಗಂಟ ರಸ್ತೆನೇ ನೋಡ್ತಿದ್ಲು.”

ಮೂಗು ಒರೆಸಿಕೊಂಡು ಅವನೇ ಕೇಳಿದ: “ಎಲ್ಲಿಗೆ ಬಂದೀರಿ ಅಕ್ಕಾ? ಬಸ್ಸು ಸಿಕ್ತಾ?”

ಚಂದ್ರಕ್ಕ ಒಲೆಯ ಮುಂದೆ ಕೂತಿದ್ದಳು. ಮುದ್ದೆಗೆ ಎಸರಿಟ್ಟಿದ್ದಳು. ಕೈ ಚಾಚಿ ಉರಿಯುವ ಕೊಳ್ಳಿಯನ್ನು ಹೊರಗೆಳೆದಳು.