ಮೂರು ಸಲ ಬಕೆಟ್ ತಟ್ಟಿದರೆ

ಮೃಗಾಲಯದಲ್ಲಿ ಚಿರತೆ ನೋಡಿಕೊಳ್ಳುವುದು ನನ್ನ ಕೆಲಸ. ಕಾಡಿನಿಂದ ಹಿಡಿದು ತಂದ ಅದಕ್ಕೆ ದೊರೆ ಎಂದು ಹೆಸರಿಟ್ಟವನೂ ನಾನೇ. ಇಬ್ಬರನ್ನು ಸಿಗಿದು ಬಂದವನ ಗತ್ತು ಹಾಗಿತ್ತು. ತಂಗಿ ತೀರಿಹೋದ ಮೇಲೆ ಅವಳ ಏಳು ವರ್ಷದ ಮಗಳು ಗುಬ್ಬಿ ನನ್ನ ಪಾಲಿಗೆ ಬಂದಳು. ಅಮ್ಮ ನಾಳೆ ಬರುತ್ತಾಳೆ ಎಂದು ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದ್ದು ನಾನು. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಆಮೇಲೆ ಎಂಟು ತಿಂಗಳು ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ. ದಿನವಿಡೀ ಬೋನಿನ ಮುಂದೆ ಕೂರುತ್ತಿದ್ದಳು. ನನ್ನನ್ನು ಕಂಡರೆ ಗುರ್ರೆನ್ನುವ ದೊರೆ ಅವಳೆದುರು ಬೆಕ್ಕಿನಂತೆ ಮಲಗುತ್ತಿದ್ದ.

ಬೋನು ಗುಡಿಸುವ ಮೊದಲು ನಾನು ಬಕೆಟ್ಟನ್ನು ಮೂರು ಸಲ ತಟ್ಟುತ್ತೇನೆ. ದೊರೆ ಎದ್ದು ಒಳಕೋಣೆಗೆ ಹೋಗುತ್ತಾನೆ. ನಾನು ಹಿಂದಕ್ಕೆ ಸುತ್ತಿ ಹೋಗಿ ಹಗ್ಗ ಸಡಿಲಿಸಿದರೆ ನಡುವಿನ ಕಬ್ಬಿಣದ ಬಾಗಿಲು ಮೆಲ್ಲಗೆ ಇಳಿಯುತ್ತದೆ. ಅದು ಗುಬ್ಬಿ ಕೂರುವ ಕಡೆಗೆ ಕಾಣುವುದಿಲ್ಲ. ಅವಳು ಕಂಡದ್ದು ಬಕೆಟ್ಟು, ಪೊರಕೆ, ಅಷ್ಟೇ.

ಅವತ್ತು ಬೆಳಿಗ್ಗೆ ಮಾಂಸದ ಗಾಡಿ ಬಂತೆಂದು ಓಡಿದವನು ಬೀಗದ ಕೈಯನ್ನು ಬೋನಿನ ಮುಂಬಾಗಿಲಲ್ಲೇ ಮರೆತೆ. ಹಿಂತಿರುಗಿದಾಗ ಗುಬ್ಬಿ ಬೋನಿನೊಳಗೆ ನಿಂತು ಗುಡಿಸುತ್ತಿದ್ದಳು. ಪಕ್ಕದಲ್ಲಿ ಬಕೆಟ್ಟು. ದೊರೆ ಒಳಕೋಣೆಯಲ್ಲಿ. ಹಗ್ಗ ಸಡಿಲಿಸಿದವರಿಲ್ಲ, ನಡುವಿನ ಬಾಗಿಲು ಮೇಲೆಯೇ.

ಕೂಗಿದರೆ, ಒಳಗೆ ಕಾಲಿಟ್ಟರೆ ದೊರೆ ಹೊರಗೆ ನುಗ್ಗುವುದು ಖಂಡಿತ. ಕೈಸನ್ನೆ ಮಾಡಿ ಕರೆದೆ. ಬರುವುದಿಲ್ಲವೆಂದು ತಲೆಯಾಡಿಸಿದಳು, ಮೊಂಡುಹುಡುಗಿ! ಉಳಿದದ್ದು ಹಗ್ಗ ಒಂದೇ. ಅದಕ್ಕೆ ಅವಳಿಗೆ ಬೆನ್ನು ಹಾಕಿ ಇಪ್ಪತ್ತು ಹೆಜ್ಜೆ ಹೋಗಬೇಕು. ಹಿಂಗೋಡೆಗೆ ಕಿಂಡಿಯಿಲ್ಲ. ಅಷ್ಟರಲ್ಲಿ ದೊರೆ ಈಚೆ ಬಂದಿದ್ದರೆ ನನ್ನ ಕೈಯಾರೆ ಇಬ್ಬರನ್ನೂ ಒಂದೇ ಕಡೆ ಬಿಟ್ಟಂತೆ.

ಹೋದೆ. ಹಗ್ಗವನ್ನು ಒಮ್ಮೆಲೇ ಬಿಟ್ಟೆ. ಬಾಗಿಲು ಢಣ್ಣೆಂದು ನೆಲಕ್ಕೆ ಬಡಿಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಮುಂದಕ್ಕೆ ಓಡಿಬರುವಷ್ಟರಲ್ಲಿ ನಾನು ಸತ್ತು ಹುಟ್ಟಿದೆ.

ಗುಬ್ಬಿ ಹಾಗೇ ನಿಂತಿದ್ದಳು. ದೊರೆ ಆಚೆಯಿಂದ ಕಬ್ಬಿಣ ಪರಚತೊಡಗಿದ. ಅವಳನ್ನು ಬಾಚಿಕೊಂಡು ಹೊರಗೆ ಬಂದು, ಬೀಗ ಜಡಿದು, ಅಲ್ಲೇ ಕೂತೆ.

"ಮಾಮ, ದಿನಾ ಹಾಕ್ತಿದ್ರಾ ಆ ಬಾಗ್ಲು?"

ಎಂಟು ತಿಂಗಳಾದ ಮೇಲೆ ಮೊದಲ ಮಾತು. ಖುಷಿಪಡಲೂ ತ್ರಾಣವಿರಲಿಲ್ಲ. ಹೂಂ ಎಂದೆ.

"ಇವತ್ತು ಹಾಕಿರ್ಲಿಲ್ಲ. ಆದ್ರೂ ನಾನು ತಟ್ಟಿದ್ದಕ್ಕೆ ಒಳಗೆ ಹೋದೋನು ಬರ್ಲಿಲ್ಲ." ನನ್ನತ್ತ ತಿರುಗಿದಳು. "ಅವ್ನು ಸುಳ್ಳು ಹೇಳಲ್ಲ ಮಾಮ."

ಹೇಳಿ ನಕ್ಕಳು. ಹಗ್ಗ ಬಿಡುವಾಗ ಆಗದ ಭಯ ಆ ನಗು ಕಂಡು ಆಯಿತು. ಈಗ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಮಲಗುತ್ತೇನೆ. ಅವಳು ನನ್ನ ಸೊಂಟವನ್ನೇ ನೋಡುತ್ತಾ ಊಟ ಮಾಡುತ್ತಾಳೆ.